ಜೇನು ಒಸರುವ ಕೂಸು

ಬಹಳ ಬಹಳ ಹಿಂದೆ ಹುತ್ತದ ಮಣ್ಣಿನಿಂದ ಕಟ್ಟಿದ ಮಣ್ಕೋಟೆ ಎಂಬ ರಾಜ್ಯವಿತ್ತು. ಬಾಗಿಲಲ್ಲಿ ಅಳುವ ಕೂಸನ್ನು ಕುಲ ಕೇಳದೆ ಒಳಗೆ ತರಬೇಕೆಂಬುದು ಅಲ್ಲಿನ ಕಟ್ಟಳೆ. ಒಳ್ಳೆಯ ಕಟ್ಟಳೆಯೇ. ಆದರೆ ಒಳ್ಳೆಯತನಕ್ಕೂ ಕಣ್ಣಿರಬೇಕು ನೋಡಿ.

ಒಂದು ದಿನ ಹಸಿರು ಮೈಯ ಕೂಸೊಂದು ಬಾಗಿಲಲ್ಲಿ ಅಳುತ್ತಿತ್ತು. ಕಾವಲಿನವರು ಎತ್ತಿ ತಂದರು. ಅದರ ಬೆನ್ನಿನಿಂದ ಜೇನು ಒಸರುತ್ತಿತ್ತು. ನೆಕ್ಕಿದವರಿಗೆಲ್ಲ ಅದೆಂದರೆ ಪ್ರಾಣ. ರಾಜ ವೀರಮಲ್ಲನೂ ನೆಕ್ಕಿದ, ಅದನ್ನು ತೊಟ್ಟಿಲಮನೆಯಲ್ಲಿ ಮಲಗಿಸಿದ. ಅರಮನೆಯ ಕೂಸೂ ಸೇರಿ ಊರಿನ ಹಸುಗೂಸುಗಳೆಲ್ಲ ಮಲಗುತ್ತಿದ್ದುದು ಅಲ್ಲಿಯೇ.

ಆ ತೊಟ್ಟಿಲುಗಳನ್ನು ತೂಗುವವಳು ಹೊನ್ನಾಜಿ. ಅವಳ ಮಗನೂ ಅಲ್ಲಿದ್ದ. ಹೆಸರಿಡುವವರೆಗೆ ತಾಯಿ ಸಿಹಿ ಮುಟ್ಟಬಾರದೆಂಬುದು ಆ ಊರಿನ ಪದ್ಧತಿ. ಗಡಿಗೆ ಹೋದ ಗಂಡ ಬಂದಿರಲಿಲ್ಲ, ಹೆಸರಿಟ್ಟಿರಲಿಲ್ಲ. ಹಾಗಾಗಿ ಅವಳೊಬ್ಬಳು ಜೇನು ನೆಕ್ಕಲಿಲ್ಲ.

ಮೊದಲ ದಿನ ಒಂದು ತೊಟ್ಟಿಲು ಬರಿದಾಯಿತು. ಹೊನ್ನಾಜಿ ಆ ತಾಯಿಯ ಬಳಿ ಓಡಿದಳು. "ಅಕ್ಕಾ, ನಿನ್ ಕೂಸು ಕಾಣ್ತಿಲ್ಲ ಕಣೆ."

ಆಕೆ ತುಟಿ ಒರೆಸಿಕೊಂಡು, "ನಂಗೆಲ್ಲಿತ್ತೇ ಕೂಸು?" ಎಂದಳು.

ಎರಡನೆಯ ದಿನ ಹತ್ತು ತೊಟ್ಟಿಲು ಬರಿದಾದವು. ಕಾವಲಿನ ನಾಯಕ, "ಈ ಊರಲ್ಲಿರೋದೇ ಒಂದು ಕೂಸಲ್ವೇನವ್ವ?" ಎಂದು ನಕ್ಕ.

ಮೂರನೆಯ ದಿನ ಒಂದು ತೊಟ್ಟಿಲಲ್ಲೂ ಮಗುವಿರಲಿಲ್ಲ. ಹೊನ್ನಾಜಿ ರಾಜನ ಮುಂದೆ ಎದೆ ಬಡಿದುಕೊಂಡಳು. "ಬುದ್ಧಿ, ನನ್ ಮಗನ್ನ ಅದು ನುಂಗ್ಬಿಡ್ತು."

"ನಿನಗೆ ಮದುವೆ ಆಗಿದ್ದು ಯಾವಾಗಮ್ಮ?" ಎಂದು ರಾಜ ಮೆಲ್ಲಗೆ ಕೇಳಿದ.

ಅವಳು ಹಿಂದಿರುಗುವಷ್ಟರಲ್ಲಿ ಆ ಹಸಿರು ಕೂಸು ಗೋಡೆ ಹತ್ತಿ, ಸೊಂಟಕ್ಕೆ ನೂಲು ಬಿಗಿದುಕೊಂಡು, ಕಂದು ಚಿಪ್ಪಾಗಿ ಕೂತಿತ್ತು. ಕಿವಿಯಿಟ್ಟಳು. ಒಳಗೆ ನೂರು ಮಕ್ಕಳು ಉಸಿರಾಡುತ್ತಿದ್ದರು. ಕೊಡಲಿಯಿಂದ ಹೊಡೆದಳು, ಕೊಡಲಿಯೇ ಮುರಿಯಿತು. ತೊಟ್ಟಿಲ ಹಗ್ಗ ಬಿಚ್ಚಿ ಹಿಡಿದು, ಅನ್ನ ನೀರು ಬಿಟ್ಟು ಕಾದಳು.

ಹನ್ನೆರಡನೆಯ ದಿನ ಬೆಳಗ್ಗೆ ಚಿಪ್ಪು ಬಿರಿಯಿತು. ಕೂಸಿನ ಸೋಗಿನಲ್ಲಿದ್ದ ಮಾಂತ್ರಿಕ ಮುದುಡಿದ ಒದ್ದೆ ರೆಕ್ಕೆಯೊಂದಿಗೆ ಹೊರಬಂದ. ರೆಕ್ಕೆಯ ಮೇಲೆಲ್ಲ ಅಗಸೆ ಹೂವಿನ ನೀಲಿ, ಕೆಳಗೆಲ್ಲ ಬೂದಿ ಬಣ್ಣ, ಬೂದಿಯ ಮೇಲೆ ಬಿಳಿ ಬಳೆ ತೊಟ್ಟ ಕರಿ ಚುಕ್ಕಿಗಳು. ಅವನಿಗೆ ಎರಡು ತಲೆ, ಒಂದೊಂದು ತುದಿಗೆ ಒಂದೊಂದು. ಹಿಂದಿನ ತಲೆ ದುಂಡು ಕಣ್ಣು ಮಿಟುಕಿಸುತ್ತ, ನೂಲಿನಂಥ ಮೀಸೆ ಆಡಿಸುತ್ತ, "ಅವ್ವಾ, ನಾನು ನಿನ್ನ ಮಗ, ಎತ್ಕೋ" ಎಂದಿತು. ಮುಂದಿನದು ಸುಮ್ಮನಿತ್ತು.

ಹೊನ್ನಾಜಿ ಬಾಗಿದಳು. ಕೈ ಚಾಚಿದಳು. ಅಷ್ಟರಲ್ಲಿ ನೆನಪಾಯಿತು: ಅವಳ ಮಗನಿಗೆ ಇನ್ನೂ ಮಾತೇ ಬಂದಿರಲಿಲ್ಲ.

ಮಾತಾಡುವ ತಲೆ ಸುಳ್ಳು ತಲೆಯೆಂದು ತಿಳಿದು, ಸುಮ್ಮನಿದ್ದ ತಲೆಗೆ ಹಗ್ಗ ಬಿಗಿದು ಎಳೆದಳು. ಮಾಂತ್ರಿಕ ಕುಗ್ಗಿ ಕುಗ್ಗಿ ಹೆಬ್ಬೆರಳಿನ ಉಗುರಷ್ಟು ಚಿಟ್ಟೆಯಾಗಿ ಕಿಟಕಿಯಿಂದ ಹಾರಿಹೋದ. ಒಡೆದ ಚಿಪ್ಪಿನಿಂದ ಮಕ್ಕಳು ಒಬ್ಬೊಬ್ಬರಾಗಿ ಉರುಳಿ ಬಂದರು, ಎಲ್ಲರೂ ಒಟ್ಟಿಗೆ ಅತ್ತರು.

ಊರಿಗೆ ಊರೇ ಜೇನಿನ ಮರುಳಿನಿಂದ ಎಚ್ಚೆತ್ತು ಓಡಿ ಬಂತು. ಮಕ್ಕಳಿದ್ದರೆಂಬುದು ನೆನಪಾಗಿತ್ತು, ಮುಖ ಮಾತ್ರ ಯಾರಿಗೂ ನೆನಪಿಗೆ ಬರಲಿಲ್ಲ. ಹೊನ್ನಾಜಿಗೆ ಎಲ್ಲ ಮುಖವೂ ಗೊತ್ತಿತ್ತು. ಮಗನನ್ನು ಸೊಂಟಕ್ಕೆ ಕಟ್ಟಿಕೊಂಡು, ಒಂದೊಂದೇ ಕೂಸನ್ನು ಅದರದರ ತಾಯಿಯ ಮಡಿಲಿಗೆ ಹಾಕಿದಳು. ಮಣ್ಕೋಟೆ ಅಂದಿನಿಂದ ಸುಖವಾಗಿ ಬಾಳಿತು.

ಆ ದಿನ ಕೂಸಿಗಾಗಿ ಕಾದವರ ಸಾಲಿನ ಕೊನೆಯಲ್ಲಿ ರಾಜ ನಿಂತಿದ್ದ. ಕಿರೀಟ ಕೈಯಲ್ಲಿತ್ತು.

"ಇದರಲ್ಲಿ ನನ್ನದು ಯಾವುದಮ್ಮ?" ಎಂದು ಕೇಳಿದ.