ಸೊನ್‌ಕೋಲ್ ದಡದಲ್ಲಿ ಮೊದಲ ಉಸಿರು

"ಡಾಕ್ಟರ್ ಎಲ್ಲಿ?"

ಕುದುರೆ ಇನ್ನೂ ನಿಂತಿರಲಿಲ್ಲ, ಸವಾರ ಆಗಲೇ ನೆಲಕ್ಕೆ ಹಾರಿದ್ದ. ಡೇರೆಯ ಬಾಗಿಲಲ್ಲಿ ಔಷಧಿ ಜೋಡಿಸುತ್ತಿದ್ದ ಸಾಲ್ಕಿನಾಯ್ ಬೆಚ್ಚಿದಳು.

"ಸೈರಾ ಏಜೆ ಸರೋವರದ ಆಚೆ ದಡದ ಮಕ್ಕಳಿಗೆ ಲಸಿಕೆ ಹಾಕೋಕೆ ಹೋಗಿದ್ದಾರೆ. ನಾನು... ಅವರ ಹತ್ರ ಫೆಲ್ಡ್‌ಶರ್ ತರಬೇತಿಗೆ ಬಂದಿರೋಳು."

"ತರಬೇತೀನಾ?" ಅವನ ಮುಖ ಬಿಳಿಚಿತು. "ಅತ್ತಿಗೆಗೆ ನೋವು ಶುರುವಾಗಿದೆ! ಅಣ್ಣ ಬೇರೆ ಪಟ್ಟಣಕ್ಕೆ ಹೋಗಿದ್ದಾನೆ..."

"ಮತ್ತೆ ನನ್ನ ಮುಖ ಏನು ನೋಡ್ತಾ ನಿಂತಿದ್ದೀರಾ? ಚೀಲ ಹಿಡ್ಕೊಳ್ಳಿ!"

ಎರ್ಮೆಕ್ ಎಂಬ ಆ ಕುರಿಗಾಹಿಯ ಹಿಂದೆ ಅವಳು ಕುದುರೆ ಹತ್ತಿದಳು. ಡಾಕ್ಟರ್ ಕಾಲಿಡದ ಈ ಬೆಟ್ಟಗಳಲ್ಲಿ ಜ್ವರದಿಂದ ಹೆರಿಗೆಯವರೆಗೆ ಎಲ್ಲಕ್ಕೂ ಫೆಲ್ಡ್‌ಶರೇ ಗತಿ; ಜನ ಅವರನ್ನೇ ಡಾಕ್ಟರ್ ಅನ್ನುತ್ತಿದ್ದರು. ಆದರೆ ಇದುವರೆಗೆ ಅವಳು ಹೆರಿಗೆಯನ್ನು ಸೈರಾ ಏಜೆಯ, ಅಂದರೆ ಸೈರಾ ಅಕ್ಕನ, ಬೆನ್ನ ಹಿಂದೆ ನಿಂತು ನೋಡಿದ್ದಳಷ್ಟೇ.

ಉಣ್ಣೆಯ ಡೇರೆಯೊಳಗೆ ಅವನ ಅತ್ತಿಗೆ ಮೈರಮ್ ನರಳುತ್ತಿದ್ದಳು. ಸಾಲ್ಕಿನಾಯ್ ಕೈ ತೊಳೆಯುತ್ತಾ ತನಗೇ ಎಂಬಂತೆ ಗೊಣಗಿದಳು, "ಏಜೆ ಒಬ್ರು ಪಕ್ಕದಲ್ಲಿದ್ದಿದ್ರೆ..."

ಮರುಕ್ಷಣವೇ ಹೊರಗೆ ಗೊರಸಿನ ಸದ್ದು. ದೂರ... ಇನ್ನೂ ದೂರ... ಬಾಗಿಲಲ್ಲಿ ನಿಂತಿದ್ದ ಎರ್ಮೆಕ್ ಬೇರೆಯವರನ್ನು ಕರೆತರಲು ಹೊರಟೇ ಹೋಗಿದ್ದ!

'ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?' ಎದೆಯಲ್ಲಿ ಚುಚ್ಚಿದಂತಾಯಿತು. ಆದರೆ ನೊಂದುಕೊಳ್ಳಲು ಪುರುಸೊತ್ತೆಲ್ಲಿ?

"ಅಕ್ಕಾ, ನನ್ನನ್ನೇ ನೋಡಿ. ಈಗ ಮುಕ್ಕಿರಿ... ಹಾಂ, ಹಾಗೇ!"

ಮಗು ಬಂತು.

ಆದರೆ ಅಳಲಿಲ್ಲ.

ನೀಲಿಗಟ್ಟಿದ ಪುಟ್ಟ ಮೈ ಅವಳ ಅಂಗೈ ಮೇಲೆ ಸಡಿಲವಾಗಿ ಬಿದ್ದಿತ್ತು. ಬಟ್ಟೆಯಿಂದ ಒರೆಸಿದಳು, ಬೆನ್ನು ಉಜ್ಜಿದಳು. ಉಸಿರಿಲ್ಲ! ಚೀಲದಿಂದ ಗಾಳಿಯೂದುವ ಪುಟ್ಟ ಮುಖವಾಡ ತೆಗೆದು ಮಗುವಿನ ಬಾಯಿ ಮೂಗಿಗೆ ಒತ್ತಿ, ಅದರ ರಬ್ಬರ್ ಚೆಂಡನ್ನು ಮೆಲ್ಲಗೆ ಹಿಚುಕಿದಳು. ಮತ್ತೆ... ಮತ್ತೆ...

"ಬಾ ಕಂದಾ... ಬಾರೋ..."

ಎದೆಗೂಡು ಉಬ್ಬಿತು. ಬೆರಳೊಂದು ಅಲುಗಿತು. ನೀಲಿ ಮೈಯ ಮೇಲೆ ಬೆಳಗಾದಂತೆ ಕೆಂಪು ಹರಡಿತು. ಆಮೇಲೆ... ಡೇರೆಯೇ ನಡುಗುವಂಥ ಅಳು!

ಸಾಲ್ಕಿನಾಯ್ ಮಂಡಿಯೂರಿ ಕುಳಿತುಬಿಟ್ಟಳು. ಅಷ್ಟು ಹೊತ್ತು ಎಲ್ಲಿತ್ತು ಈ ಜೀವ? ಎಲ್ಲಿಂದ ಬಂತು? ಓದಿದ ಯಾವ ಪಾಠವೂ ಇದನ್ನು ಹೇಳಿರಲಿಲ್ಲ. ಮೈರಮ್ ಎದೆಯ ಮೇಲೆ ಮಗುವನ್ನಿಟ್ಟು, ದೇವರ ಮುಂದೆ ನಿಂತವಳಂತೆ ದನಿಯಿಲ್ಲದೆ ಅತ್ತಳು.

ಸೈರಾ ಏಜೆಯನ್ನು ಕೂರಿಸಿಕೊಂಡು ಎರ್ಮೆಕ್ ಬಂದಾಗ ಮಗು ಹಾಲು ಕುಡಿಯುತ್ತಿತ್ತು.

"ಬೇರೆಯವರನ್ನ ಕರ್ಕೊಂಡು ಬಂದ್ರಾ?" ಸಾಲ್ಕಿನಾಯ್ ಸಿಡಿದಳು. "ತಡವಾಯ್ತು! ತರಬೇತಿ ಹುಡುಗೀನೇ ಮುಗಿಸಿದ್ಲು!"

ಅವನು ಮಗುವನ್ನೇ ನೋಡುತ್ತಾ ಟೋಪಿ ತೆಗೆದು ನಿಂತ.

ಬೇಸಿಗೆಯುದ್ದಕ್ಕೂ ಔಷಧಿ ಡೇರೆಯ ಬಾಗಿಲಲ್ಲಿ ಕುದುರೆಹಾಲಿನ ಕುಮಿಸ್ ಇಟ್ಟು ಅವನು ಸದ್ದಿಲ್ಲದೆ ಹೋಗುತ್ತಿದ್ದ. ಅವಳು ಕುಡಿಯುತ್ತಿದ್ದಳು, ಮಾತಾಡುತ್ತಿರಲಿಲ್ಲ.

ಮೊದಲ ಹಿಮ ಬಿತ್ತು. ಕುರಿಮಂದೆಗಳು ಬೆಟ್ಟದಿಂದ ಇಳಿಯತೊಡಗಿದವು. ಪರೀಕ್ಷೆಗೆ ಪಟ್ಟಣಕ್ಕೆ ಹೊರಟ ಸಾಲ್ಕಿನಾಯ್ ಗಂಟು ಕಟ್ಟುತ್ತಿದ್ದಳು.

"ಆ ಹುಡುಗನಿಗೆ ಒಂದು ಮಾತೂ ಹೇಳದೆ ಹೋಗ್ತೀಯಾ?" ಏಜೆ ಕೇಳಿದರು.

"ನನ್ನನ್ನ ನಂಬದೇ ಇರೋರಿಗಾ?"

"ಅಯ್ಯೋ ಹುಚ್ಚೀ! ಅವತ್ತು ನನ್ನ ಹತ್ರ ಬಂದು ಏನಂದ ಗೊತ್ತಾ? 'ಆ ಹುಡುಗಿ ಎಲ್ಲಾ ಮಾಡ್ತಾಳೆ. ಆದ್ರೆ ಒಂಟಿಯಾಗಿದ್ದಾಳೆ. ನೀವು ಪಕ್ಕದಲ್ಲಿ ಇರ್ಬೇಕಂತೆ, ಬನ್ನಿ' ಅಂದ. ಕುದುರೆ ಬಾಯಲ್ಲಿ ನೊರೆ ಬಂದಿತ್ತು ಕಣೇ."

'ನನ್ನ ಗೊಣಗಾಟ... ಅವನಿಗೆ ಕೇಳಿಸಿತ್ತಾ?'

ಗಂಟು ಅಲ್ಲೇ ಬಿತ್ತು. ಇಳಿಜಾರಿನಲ್ಲಿ ಕುರಿಗಳ ನಡುವೆ ದಾರಿ ಮಾಡಿಕೊಂಡು ಓಡಿದಳು.

"ಎರ್ಮೆಕ್! ನಿಲ್ಲಿ!"

ಅವನು ತಿರುಗಿದ.

"ಯಾಕೆ ಹೇಳ್ಲಿಲ್ಲ? ಅಷ್ಟು ಬೈದೆ, ಒಂದು ಮಾತು ಆಡಬಾರದಿತ್ತಾ?"

"ಏನು ಹೇಳ್ಲಿ? ನೀವು ಜೀವಾನ ಕೈಯಲ್ಲಿ ಹಿಡಿದೋರು. ನಾನು ಕುರಿ ಕಾಯೋನು. ನಿಮ್ಮನ್ನ ನೋಡಿದ್ರೆ... ಮಾತೇ ಹೊರಡಲ್ಲ."

ಅವಳ ಕಣ್ಣು ತುಂಬಿ ಬಂತು. "ಪರೀಕ್ಷೆ ಮುಗಿಸಿ ಇದೇ ಕಣಿವೆಯಲ್ಲಿ ಕೆಲಸ ಕೇಳ್ತೀನಿ. ಆದ್ರೆ ಈಗಲೇ ಹೇಳ್ತೀನಿ ಕೇಳು, ಯಾರಾದ್ರೂ ಕರೆದ್ರೆ ನಾನು ಅರ್ಧ ಊಟದಲ್ಲೇ ಎದ್ದು ಹೋಗೋಳು."

'ನೀವು' ಹೋಗಿ 'ನೀನು' ಬಂದಿದ್ದು ಅವನ ಗಮನಕ್ಕೆ ಬಂದಿತ್ತು. ಮೆಲ್ಲಗೆ ನಕ್ಕ.

"ಹೋಗು. ಊಟ ಮುಚ್ಚಿಡ್ತೀನಿ."

"ಆರಿಹೋದ್ರೆ?"

"ಮತ್ತೆ ಬಿಸಿ ಮಾಡ್ತೀನಿ, ಸಾಲ್ಕಿನಾಯ್. ಎಷ್ಟು ಸಲ ಬೇಕಾದ್ರೂ."