ವುಡ್ ಯು ಮೈಂಡ್‌ಗೆ ಯೆಸ್ ಅಂದವಳು

ನಾನು ಯೆಸ್ ಅಂದಿದ್ದೆ. ಒಂದಲ್ಲ, ಎರಡು ಸಲ. ಆದರೂ ಮರುದಿನ ಬೆಳಿಗ್ಗೆ ಅವನು ನನ್ನನ್ನು ನೋಡಿಯೂ ನೋಡದವನಂತೆ ಮೇಜಿನ ಡ್ರಾಯರ್ ಖಾಲಿ ಮಾಡುತ್ತಿದ್ದ.

ನಮ್ಮದು ನೀರಿನ ಪಂಪ್ ತಯಾರಿಸುವ ಕಾರ್ಖಾನೆ. ನಾನು ಸುಟ್ಟುಹೋದ ಮೋಟಾರುಗಳಿಗೆ ತಂತಿ ಸುತ್ತುವವಳು. ಅವನು ಮೇಲಿನ ಆಫೀಸಿನಲ್ಲಿ ಗ್ರಾಹಕರ ದೂರುಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯುವವನು. ಎಲ್ಲರ ಬಾಯಲ್ಲೂ ಅವನು ಗ್ರಾಮರಣ್ಣ. ನಾನು ಮಾತ್ರ ಬರೀ ಗ್ರಾಮರ್ ಅನ್ನುತ್ತೇನೆ. ಬಾಯಿತಪ್ಪಿ ಅಣ್ಣ ಅಂದುಬಿಟ್ಟರೆ ಕತೆ ಅಲ್ಲಿಗೇ ಮುಗಿಯಿತಲ್ಲ.

ಅವನಿಗೆ ದೂರದ ಶಾಖೆಗೆ ವರ್ಗವಾಗಿತ್ತು. ಹೋಗುತ್ತಾನೋ ಇಲ್ಲವೋ ಎಂದು ಮ್ಯಾನೇಜರಿಗೆ ತಿಳಿಸಬೇಕಿತ್ತು. ಎದುರಿಗೆ ಕೂತರೆ ಕದ್ದು ನನ್ನ ಕಿವಿಯೋಲೆ ನೋಡಿ, ಸಿಕ್ಕಿಬಿದ್ದೊಡನೆ ಟೀ ಲೋಟದೊಳಗೆ ಇಣುಕುವ ಪ್ರಾಣಿ ಅದು. ಬಾಯಿಬಿಟ್ಟು ಕೇಳುವ ಧೈರ್ಯವೆಲ್ಲಿ ಬರಬೇಕು? ಹಿಂದಿನ ಸಂಜೆ ಮೊಬೈಲಿಗೆ ಇಂಗ್ಲಿಷಿನಲ್ಲಿ ಒಂದೇ ಸಾಲು ಕಳಿಸಿದ್ದ: "ವುಡ್ ಯು ಮೈಂಡ್ ಇಫ್ ಐ ಸ್ಟೇಡ್ ಹಿಯರ್, ಫಾರ್ ಯು?" ನಾನು ಹಿಗ್ಗಿ ಹೀರೇಕಾಯಿಯಾಗಿ "ಯೆಸ್, ಯೆಸ್" ಎಂದು ಬರೆದಿದ್ದೆ.

ಈಗ ನೋಡಿದರೆ ಹೀಗೆ. ಮೂಲೆಯಲ್ಲಿ ಕೂತು ಅಳುವ ಜಾಯಮಾನ ನನ್ನದಲ್ಲ. ಕೇಳಿಯೇ ತೀರುತ್ತೇನೆ ಎಂದು ಅವನ ಡ್ರಾಯರನ್ನು ಮೊಣಕಾಲಿನಿಂದ ಒತ್ತಿ ಮುಚ್ಚಿದೆ.

"ಹೋಗ್ತಿದ್ದೀಯಾ?"

"ನೀನೇ ಬೇಡ ಅಂದ್ಯಲ್ಲ."

"ನಾನಾ? ಎರಡು ಸಲ ಯೆಸ್ ಅಂದಿದ್ದೀನಿ."

"ಅದೇ. ವುಡ್ ಯು ಮೈಂಡ್ ಅಂದ್ರೆ, ನಾನಿಲ್ಲೇ ಉಳಿದ್ರೆ ನಿಂಗೇನಾದ್ರೂ ಬೇಜಾರಾ ಅಂತ. ಯೆಸ್ ಅಂದ್ರೆ ಬೇಜಾರು. ಎರಡು ಸಲ ಅಂದ್ರೆ... ಕಣ್ಣಿಗೆ ನಿದ್ದೆ ಹತ್ಲಿಲ್ಲ ಕಣೆ."

ಆ "ಕಣೆ"ಗೆ ನನ್ನ ಕೋಪ ಅರ್ಧ ಇಳಿಯಿತು. ಉಳಿದರ್ಧವನ್ನು ಬಿಡದೆ ಕೇಳಿದೆ:

"ದಿನಾ ದೂರು ಕೊಟ್ಟವರಿಗೆಲ್ಲ ಬರೀತೀಯಲ್ಲ, ವುಡ್ ಯು ಮೈಂಡ್ ಸೆಂಡಿಂಗ್ ಎ ಫೋಟೋ ಅಂತ. ಅವರೇನು ಉತ್ತರ ಕೊಡ್ತಾರೆ?"

"ಯೆಸ್ ಅಂತ."

"ಆಮೇಲೆ?"

"ಕೆಟ್ಟ ಪಂಪಿನ ಫೋಟೋ ಕಳಿಸ್ತಾರೆ."

"ಊರವರ ಯೆಸ್ ಎಲ್ಲ ಅರ್ಥ ಆಗತ್ತೆ, ನನ್ನದು ಆಗಲ್ಲ. ಓದಿ ಓದಿ ಮರುಳಾದ ಅಂತಾರಲ್ಲ, ನಿನ್ನ ನೋಡೇ ಹೇಳಿರ್ಬೇಕು."

ಅವನ ತುಟಿಯ ಒಂದು ಕೊನೆ ಮೆಲ್ಲಗೆ ಮೇಲೇರಿತು. ನೋಟ ಈ ಸಲ ಓಲೆಯ ಹತ್ತಿರ ನಿಲ್ಲದೆ ನನ್ನ ಕಣ್ಣಿಗೇ ಬಂದು ಕೂತಿತು. ನನ್ನ ಕೆನ್ನೆ ಬಿಸಿಯಾಯಿತು.

"ಇನ್ನೊಂದ್ಸಲ ಕೇಳು," ಎಂದೆ. "ಕನ್ನಡದಲ್ಲಿ ಕೇಳು."

"ನಾನು ಇಲ್ಲೇ ಇರ್ಲಾ?"

"ಇರು. ನೀನಂದ್ರೆ ನಂಗೆ ಪ್ರಾಣ. ನೀನಿಲ್ದೆ ಈ ಕಟ್ಟಡದೊಳಗೆ ಕಾಲಿಡೋಕೂ ನನ್ನ ಕೈಲಿ ಆಗಲ್ಲ."

ಅವನ ಮುಖ ಅರಳಿ, ಅಷ್ಟೇ ಬೇಗ ಬಾಡಿತು. "ಬೆಳಿಗ್ಗೆ ಬಂದವನೇ ಮ್ಯಾನೇಜರಿಗೆ ಹೋಗ್ತೀನಿ ಅಂದುಬಿಟ್ಟೆ."

"ಅಂದ್ರೆ ಅಂದೆ. ನಡಿ, ಈಗ ಇಲ್ಲ ಅನ್ನೋಣ."

ಮ್ಯಾನೇಜರ್ ಮೇಡಂ ಕನ್ನಡಕ ಹಣೆಗೇರಿಸಿ ನಮ್ಮಿಬ್ಬರನ್ನೂ ನೋಡಿದರು. "ಆಗ ಹೋಗ್ತೀನಿ ಅಂದೆ, ಈಗ ಹೋಗಲ್ಲ ಅಂತೀಯ. ಮೇಲಿನವರಿಗೆ ನಾನು ಏನಂತ ಕಾರಣ ಬರೀಲಪ್ಪ?"

ಗ್ರಾಮರ್ ಬಾಯಿಗೆ ಇಂಗ್ಲಿಷೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ತಂತಿ ಸುತ್ತಿ ಸುತ್ತಿ ಒರಟಾದ ನನ್ನ ಕೈಯಿಂದ ಅವನ ಕೈ ಹಿಡಿದೆ.

"ನನ್ನ ಹೆಸರು ಬರೀರಿ, ಮೇಡಂ."