ಹದಿನೆಂಟನೇ ಸಾಲು

"ಅಪ್ಪಾ, ಆಯ್ತಾ?"

"ಇನ್ನೊಂದೇ ಪೇಜು, ಮರಿ."

ಅಪ್ಪನ ಆ ಒಂದು ಪೇಜು ಬೆಳಗ್ಗೆಯಿಂದ ಮುಗಿದಿರಲಿಲ್ಲ. ಚಿನಕುರುಳಿ ಬಾಗಿಲಿಗೆ ಒರಗಿ ನಿಂತಳು. ಅದು ಅವಳ ಹೆಸರಲ್ಲ, ಬಾಯಿ ಸುಮ್ಮನಿರುವುದಿಲ್ಲವೆಂದು ಮನೆಯವರು ಕಟ್ಟಿದ ಬಿರುದು.

ಅಪ್ಪ ಮನೆಯಲ್ಲೇ ಕೂತು, ಮಷೀನುಗಳ ಜೊತೆ ಬರುವ ಇಂಗ್ಲಿಷ್ ಪುಸ್ತಕಗಳನ್ನು ಸ್ಪ್ಯಾನಿಷ್ ಭಾಷೆಗೆ ಅನುವಾದ ಮಾಡುತ್ತಿದ್ದರು. ಈ ವಾರ ವಾಷಿಂಗ್ ಮಷೀನಿನ ಸರದಿ. ಅಪ್ಪ ಇರುವುದು ಪಕ್ಕದ ಕೋಣೆಯಲ್ಲೇ. ಆದರೂ ಅವಳಿಗೆ ಅಪ್ಪ ಎಲ್ಲೋ ದೂರದೂರಿಗೆ ಹೋದಂತೆ ಅನಿಸಿ ಅಳು ಬರುತ್ತಿತ್ತು. ಸೈಕಲ್ ಬಂದು ತಿಂಗಳಾಯಿತು. ಸೀಟು ಹಿಡಿದು ಹಿಂದೆ ಓಡಿ ಬರುತ್ತೇನೆಂದು ಮಾತು ಕೊಟ್ಟವರು ಕುರ್ಚಿ ಬಿಟ್ಟು ಎದ್ದರೆ ತಾನೇ!

"ಅಷ್ಟೊತ್ತಿಂದ ಏನಪ್ಪಾ ನೋಡ್ತಾ ಇದೀಯ?"

"'ರನ್' ಅಂತ ಒಂದು ಪದ, ತಲೆ ತಿಂತಾ ಇದೆ. ಮಷೀನ್ ರನ್ ಆದ್ರೆ ಸ್ಪ್ಯಾನಿಷ್‌ನಲ್ಲಿ 'ಫುನ್ಸಿಯೊನಾರ್'. ಮನುಷ್ಯ ಓಡಿದ್ರೆ 'ಕೊರೆರ್'. ಅಂಗಡಿ ನಡೆಸಿದ್ರೆ ಇನ್ನೇನೋ. ಇಲ್ಲಿ ಯಾವುದು ಅಂತ ಆಫೀಸಿನ ಮೇಡಂನೇ ಕೇಳ್ಬೇಕು."

ಇಂಥ ಪದಗಳಿಗೆಂದೇ ಕಂಪ್ಯೂಟರಿನಲ್ಲಿ ಒಂದು ಡೌಟ್ ಪಟ್ಟಿ ಇತ್ತು. ಯಾವ ಪದ, ಕೇಳುವವರು ಯಾರು, ಪುಸ್ತಕದಲ್ಲಿ ಎಲ್ಲಿ ಎಂದು ತುಂಬಿಸಿ ಅಪ್ಪ ಕಳಿಸುವುದು, ಮೇಡಂ ಕೆಂಪಕ್ಷರದಲ್ಲಿ ಉತ್ತರ ಬರೆಯುವುದು. ಆ ಕೆಂಪಕ್ಷರ ಬಂದರೆ ಸಾಕು, ಅಪ್ಪ ಕಣ್ಣು ಮಿಟುಕಿಸದೆ ಓದುತ್ತಿದ್ದರು.

ಅಪ್ಪ ನೀರು ಕುಡಿಯಲು ಎದ್ದಾಗ ಚಿನಕುರುಳಿ ಕುರ್ಚಿ ಏರಿದಳು. ಹದಿನೇಳು ಸಾಲುಗಳ ಕೆಳಗೆ, ತನಗೆ ಬರುವ ಇಂಗ್ಲಿಷ್‌ನಲ್ಲಿ ಟಕಟಕ ಟೈಪ್ ಮಾಡಿದಳು. ಪದ: ರನ್. ಯಾರು: ಅಪ್ಪ. ಎಲ್ಲಿ: ನನ್ನ ಸೈಕಲ್ ಹಿಂದೆ. ಯಾವಾಗ?

ಅಪ್ಪ ನೋಡಿ ನಗಲಿ ಎಂದಷ್ಟೇ ಅವಳ ಆಸೆ. ಅಪ್ಪ ನೋಡಲೇ ಇಲ್ಲ. ಬಂದವರೇ ಪಟ್ಟಿಯನ್ನು ಮೇಡಂಗೆ ಕಳಿಸಿಬಿಟ್ಟರು.

ಅಪ್ಪನ ಕೆಲಸ ಹೋದರೆ? ಅರಳು ಹುರಿದಂತೆ ಮಾತಾಡುವವಳು ಮೆಲ್ಲಗೆ ಹೊರಗೆ ಹೋಗಿ ಸೈಕಲ್ ಒರೆಸುತ್ತಾ ಕೂತಳು.

ಸಂಜೆ ಕೋಣೆಯಿಂದ ಕರೆ ಬಂತು. "ಚಿನಕುರುಳೀ, ಬಾ ಇಲ್ಲಿ."

ಹದಿನೆಂಟನೇ ಸಾಲಿನ ಮುಂದೆ ಮೇಡಂ ಬರೆದಿದ್ದರು: "ಇದಕ್ಕೆ ನನ್ನಲ್ಲಿ ಉತ್ತರವಿಲ್ಲ, ನೀವೇ ಹೇಳಬೇಕು. ಉಳಿದದ್ದು ನಾಳೆ ನೋಡೋಣ."

ಅಪ್ಪ ಬೈಯಲಿಲ್ಲ. ಕನ್ನಡಕ ತೆಗೆದಿಟ್ಟು, "ನಡಿ" ಎಂದರು.

ಬೀದಿಯಲ್ಲಿ ಅಪ್ಪ ಸೀಟು ಹಿಡಿದು ಓಡಿದರು. ಕೂತು ಕೂತು ಕಾಲು ಜಡ್ಡುಗಟ್ಟಿತ್ತು. ಎರಡನೇ ಲೈಟ್ ಕಂಬಕ್ಕೇ ಏದುಸಿರು ಬಂತು. ಚಿನಕುರುಳಿ ಸೈಕಲ್ ನಿಲ್ಲಿಸಿ ಇಳಿದಳು.

"ಹತ್ತು, ಹತ್ತು. ಬಿಡಲ್ಲ ನಾನು" ಎಂದರು ಮೊಣಕಾಲು ನೀವಿಕೊಳ್ಳುತ್ತಾ. "ದಿನಾ ಕಿಟಕಿಯಿಂದ ನೋಡ್ತಿದ್ದೆ ಕಣೇ, ನೀನೊಬ್ಬಳೇ ಸೈಕಲ್ ಒರೆಸೋದನ್ನ."

ಚಿನಕುರುಳಿ ಅಪ್ಪನ ಮುಖ ನೋಡಿದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಇಷ್ಟು ಹತ್ತಿರದಿಂದ ನೋಡಿ ಎಷ್ಟು ದಿನವಾಗಿತ್ತೋ. ಅವಳು ಸೈಕಲ್ ಹತ್ತಲಿಲ್ಲ.

"ನಡ್ಕೊಂಡೇ ಹೋಗೋಣಪ್ಪಾ, ರೋಡ್ ಮುಗಿಯೋವರೆಗೂ."

ಸೈಕಲ್ಲಿನ ಆ ಕಡೆ ಅಪ್ಪ, ಈ ಕಡೆ ಅವಳು. ಹ್ಯಾಂಡಲ್ ಹಿಡಿದ ಅವಳ ಕೈ ಮೇಲೆ ಅಪ್ಪನ ಕೈ ಇತ್ತು. ರೋಡು ಬೇಗ ಮುಗಿಯದಿರಲಿ ಎಂದು ಅವಳು ಪುಟ್ಟ ಪುಟ್ಟ ಹೆಜ್ಜೆ ಹಾಕಿದಳು.